ಕುಯುನ್ ಎಂಬ ಬೇಟೆನಾಯಿಯನ್ನು ತಿರಸ್ಕರಿಸಬೇಕೆಂದು ಕೋರಿ

ಇವರಿಗೆ,
ಶ್ರೀಯುತ ಮೆದೆರ್ಬೆಕ್ ಅವರು,
ಬೇಟೆನಾಯಿಗಳ ಮುಖ್ಯ ಪರೀಕ್ಷಕರು,
ಘಾಟಿಯ ಆಚೆಯ ಕಣಿವೆ.

ಮಾನ್ಯರೇ,

ತಮ್ಮ ಕುದುರೆಗಳು ಮೈ ತುಂಬಿಕೊಂಡಿರಲಿ, ತಮ್ಮ ಕುರಿಗಳು ಅವಳಿಜವಳಿ ಹಾಕಲಿ, ತಮ್ಮ ಮನೆಯ ಹೊಗೆ ಗಾಳಿಗೆ ಬಾಗದೆ ನೆಟ್ಟಗೆ ಮೇಲಕ್ಕೆ ಹೋಗಲಿ, ಮತ್ತು ಯಾವ ಎರಡು ಬೆರಳುಗಳಿಂದ ತಾವು ನಾಯಿಗಳ ಪಕ್ಕೆ ಮುಟ್ಟಿ ಅವುಗಳ ಹಣೆಬರಹ ಬರೆಯುತ್ತೀರೋ ಆ ಬೆರಳುಗಳು ಈ ಚಳಿಗೆ ಸೆಟೆದುಕೊಳ್ಳದಿರಲಿ. ಕುಶಲ ವಿಚಾರಿಸುವಾಗ ಮೊದಲು ಮಂದೆ, ಆಮೇಲೆ ಮನೆಮಂದಿ ಎಂಬುದು ನಮ್ಮ ಕ್ರಮ. ಮಂದೆಯನ್ನು ವಿಚಾರಿಸಿದ್ದಾಯಿತು. ಮನೆಮಂದಿಯಲ್ಲಿ ಒಬ್ಬನನ್ನು ಮಾತ್ರ ವಿಶೇಷವಾಗಿ ವಿಚಾರಿಸಬೇಕಾಗಿದೆ, ಏಕೆಂದರೆ ಅವನು ತಮ್ಮವನಲ್ಲ, ನಮ್ಮವನು.

ತಮಗೆ ಎಲೆ ಉದುರುವ ಕಾಲ ಬಂತೆಂದರೆ ದೂರುಗಳ ಮೂಟೆಯೇ ಬರುತ್ತದೆಂದು ಕೇಳಿದ್ದೇನೆ. ನನ್ನ ನಾಯಿಯನ್ನು ಏಕೆ ಬಿಟ್ಟಿರಿ, ಪಕ್ಕದ ಮನೆಯವನ ನಾಯಿಯಲ್ಲಿ ಏನು ಕಂಡಿರಿ, ತಮ್ಮ ಕಣ್ಣಿಗೆ ಪೊರೆ ಬಂದಿದೆಯೇ, ಹೀಗೆಲ್ಲ ಬರೆಯುವ ಅವಿವೇಕಿಗಳು ಈ ಸೀಮೆಯಲ್ಲಿ ಕಡಿಮೆ ಇಲ್ಲ. ನಾನು ಅಂಥವನಲ್ಲ. ನನ್ನ ದೂರು ಏನೆಂದರೆ ತಾವು ನನ್ನ ನಾಯಿಯನ್ನು ಆಯ್ಕೆ ಮಾಡಿದ್ದೀರಿ. ಮೊದಲ ಹಿಮ ಬಿದ್ದ ಮೇಲೆ ನಡೆಯುವ ಬೇಟೆಕೂಟದಲ್ಲಿ ಓಡಲು ಅವನು ಎಲ್ಲ ರೀತಿಯಿಂದಲೂ ಯೋಗ್ಯನೆಂದು ತಾವು ಫೋನಿನಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಈ ಅನ್ಯಾಯವನ್ನು ಸರಿಪಡಿಸಿ, ಅವನನ್ನು ಅಯೋಗ್ಯನೆಂದು ಘೋಷಿಸಿ, ಸಾಧ್ಯವಾದರೆ ನಾಲ್ಕು ಜನರ ಎದುರು ಅವಮಾನ ಮಾಡಿ, ಮನೆಗೆ ಕಳಿಸಿಕೊಡಬೇಕೆಂದು ಕೈಮುಗಿದು ಬೇಡುತ್ತೇನೆ.

ಕುಯುನ್ ಯಾರೆಂದು ತಮಗೆ ಹೇಳಬೇಕಾಗಿಲ್ಲ. ಆದರೆ ಇದು ಬಹಿರಂಗ ಪತ್ರ. ಇದರ ಒಂದು ಪ್ರತಿಯನ್ನು ನಮ್ಮೂರ ಅಂಗಡಿಯ ಬಾಗಿಲಿಗೂ ಇನ್ನೊಂದನ್ನು ಘಾಟಿಯ ಚಹಾದಂಗಡಿಯ ಗೋಡೆಗೂ ಅಂಟಿಸುವವನಿದ್ದೇನೆ, ಲಾರಿಯವರೂ ಓದಲಿ. ಆದ್ದರಿಂದ ದಾರಿಹೋಕರ ತಿಳಿವಳಿಕೆಗಾಗಿ: ಕುಯುನ್ ಎಂದರೆ ಸುಂಟರಗಾಳಿ. ಅವನು ತಾಯ್ಗನ್ ಜಾತಿಯ ಬೇಟೆನಾಯಿ. ಮೈಬಣ್ಣ ಹೊಗೆ ಹಿಡಿದ ಬೆಳ್ಳಿಯದು, ಕಿವಿಗಳು ಮದುವಣಗಿತ್ತಿಯ ಜಡೆಕುಚ್ಚಿನ ಹಾಗೆ ಇಳಿಬಿದ್ದಿವೆ, ಬಾಲದ ತುದಿಯಲ್ಲಿ ಉಂಗುರದಂಥ ಸುರುಳಿ. ಗಂಡಸಿಗೆ ಇರಬೇಕಾದ ಏಳು ಸಂಪತ್ತುಗಳಲ್ಲಿ ನಮ್ಮ ಹಿರಿಯರು ಬೇಟೆನಾಯಿಯನ್ನೂ ಸೇರಿಸಿದರು, ಹೆಂಡತಿಯನ್ನೂ ಸೇರಿಸಿದರು, ಇಬ್ಬರಲ್ಲಿ ಯಾರು ಮೊದಲು ಎಂಬುದನ್ನು ನಾನು ಮನೆಯೊಳಗೆ ಚರ್ಚಿಸುವುದಿಲ್ಲ. ಕುಯುನ್ ಓಡಿದಾಗ ಅವನ ನೆರಳು ಅರ್ಧ ದಾರಿಯಲ್ಲಿ ಸುಸ್ತಾಗಿ ಮನೆಗೆ ವಾಪಸ್ಸು ಬಂದದ್ದನ್ನು ಕಣ್ಣಾರೆ ಕಂಡವನು ನಾನು. ನಾನು ಕಂಡೆ ಎಂದ ಮೇಲೆ ಬೇರೆ ಸಾಕ್ಷಿ ಕೇಳುವವರು ನಮ್ಮೂರಲ್ಲಿ ಇದ್ದಾರೆ, ನಿಜ, ಆದರೆ ಅವರ ಹತ್ತಿರ ಇಂಥ ನಾಯಿ ಇಲ್ಲ.

ಇಂಥವನಿಗೆ ಈ ವಸಂತದಲ್ಲಿ ಹೊಟ್ಟೆ ಕೆಟ್ಟಿತು. ನನ್ನ ತಮ್ಮನ ಮಗನ ಮದುವೆಯೂಟದಲ್ಲಿ ಎಲ್ಲರೂ ಪ್ರೀತಿಯಿಂದ ಎಸೆದ ಮೂಳೆಗಳನ್ನು, ಅಂದರೆ ಉಪ್ಪಿನಲ್ಲಿ ನೆಂದ, ಈರುಳ್ಳಿಯಲ್ಲಿ ಮುಳುಗಿದ ಮೂಳೆಗಳನ್ನು, ಅವನು ಮರ್ಯಾದೆಗೆ ಕಟ್ಟುಬಿದ್ದು ತಿಂದ. ಎರಡು ದಿನ ಏಳಲಿಲ್ಲ. ಪಶುವೈದ್ಯೆ ಚಿನಾರಾ ಬಂದು ಅವನ ಹೊಟ್ಟೆಗೆ ಕಿವಿಯಿಟ್ಟು ಕೇಳಿ, ಆಮೇಲೆ ನನ್ನನ್ನೇ ರೋಗಿಯ ಹಾಗೆ ನೋಡಿದಳು.

"ಬೈಕೆ," ಎಂದಳು, ಊರಿನ ಹಿರಿಯಣ್ಣನಿಗೆ ಕೊಡುವ ಮರ್ಯಾದೆಯನ್ನು ಕೊಟ್ಟುಕೊಂಡೇ, "ಇದು ನಿಮ್ಮ ಹೊಟ್ಟೆ ಅಲ್ಲ, ಕುದುರೆ ಲಾಳ ಹಾಕಿದ್ರೂ ಅರಗಿಸ್ಕೊಳ್ಳೋಕೆ. ಉಪ್ಪು ಬೇಡ, ಈರುಳ್ಳಿ ಬೇಡ, ಸಕ್ಕರೆ ಬೇಡ. ಏನಾದ್ರೂ ಕೊಡ್ಲೇಬೇಕು ಅನ್ನಿಸಿದ್ರೆ ಬಾರ್ಲಿ ಹಿಟ್ಟು, ಬೇಯಿಸಿದ ಲಿವರ್, ಒಂದು ಮೊಟ್ಟೆ, ತುರಿದ ಕ್ಯಾರೆಟ್ಟು. ಕಲಸಿ, ಲಟ್ಟಿಸಿ, ಸುಟ್ಟು ಕೊಡಿ."

"ಯಾರು ಸುಡ್ಬೇಕು?"

"ನಾಯಿ ಯಾರ್ದೋ ಅವ್ರು. ದಿನಕ್ಕೆ ಒಂದೋ ಎರಡೋ ಸಾಕು, ಕೇಳಿಸ್ತಾ?"

ಕೇಳಿಸಿತು. ಅವಳ ಧ್ವನಿ ದೊಡ್ಡದು.

ನನ್ನ ಮನೆಯಾಕೆ ಅನಾರ್‌ಕಾನ್ ಈ ವಿಷಯದಲ್ಲಿ ತಳೆದ ನಿಲುವು ತಮಗೆ ಊಹಿಸಲು ಕಷ್ಟವಾಗಲಾರದು, ತಾವೂ ಸಂಸಾರಸ್ಥರು. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿ ಹಣೆಗೊತ್ತಿಕೊಂಡು ಗೋಡೆಯ ಮೇಲೆ ಹಕ್ಕಿಗೆ ಇಡುವವಳು ಅವಳು. ರೊಟ್ಟಿಯನ್ನು ಮಗುಚಿಟ್ಟವನ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಅವಳ ಎದುರು ನಿಂತು, ಬೆರಣಿಕೆಂಡದಲ್ಲಿ ಹೂತು ರೊಟ್ಟಿ ಸುಡುವ ಅವಳ ಮುಚ್ಚಳದ ಹಂಚನ್ನು ನಾಯಿಯ ತಿಂಡಿಗೆ ಬೇಕೆಂದು ಕೇಳಿದವನ ಧೈರ್ಯವನ್ನು ತಾವು ಮೊದಲು ಮೆಚ್ಚಬೇಕು.

"ರೊಟ್ಟಿ ಸುಡೋ ಹಂಚಲ್ಲಿ ನಾಯಿಗಾ?" ಎಂದಳು. "ನಿಮ್ಮ ಗಡ್ಡಕ್ಕಾದ್ರೂ ನಾಚಿಕೆ ಬೇಡ್ವಾ?"

"ರೊಟ್ಟಿ ಅಲ್ಲ ಕಣೇ, ಬಿಲ್ಲೆ. ಇಷ್ಟಿಷ್ಟೇ ಬಿಲ್ಲೆ."

"ಬಿಲ್ಲೆನೋ ನಲ್ಲೆನೋ, ಹಿತ್ತಲಲ್ಲಿ ತೂತಿಲ್ಲದ ಹಳೇ ಹಂಚೊಂದು ಬಿದ್ದಿದೆ. ಅದನ್ನ ತಗೊಂಡು ನನ್ನ ಕಣ್ಣಿಗೆ ಬೀಳದ ಕಡೆ ಹೋಗಿ ಏನ್ಬೇಕಾದ್ರೂ ಸುಟ್ಕೊಳ್ಳಿ."

ಹೀಗೆ, ಮಾನ್ಯರೇ, ನನ್ನ ಏಳು ತಲೆಮಾರಿನ ಹೆಸರನ್ನು ಗಿಣಿಯಂತೆ ಒಪ್ಪಿಸಬಲ್ಲ ನಾನು, ಆ ಏಳು ಅಪ್ಪಂದಿರಲ್ಲಿ ಒಬ್ಬನೂ ಹಿಟ್ಟಿಗೆ ಕೈಯಿಟ್ಟಿರಲಿಲ್ಲವೆಂಬುದನ್ನು ಬಲ್ಲವನಾಗಿಯೂ, ಕೊಟ್ಟಿಗೆಯ ಹಿಂದೆ ಕುಕ್ಕುರುಗಾಲಲ್ಲಿ ಕುಳಿತು ನಾಯಿಗೆ ಅಡುಗೆ ಮಾಡಿದೆ. ಮೊದಲ ಸಲ ಹಿಟ್ಟು ತೆಳುವಾಗಿ ಗಡ್ಡಕ್ಕೆಲ್ಲ ಹತ್ತಿತು. ಎರಡನೆಯ ಸಲ ಸುಟ್ಟ ಬಿಲ್ಲೆಯಿಂದಲೇ ಕೊಟ್ಟಿಗೆಯ ಬಾಗಿಲಿನ ಮೊಳೆ ಹೊಡೆದೆ, ಮೊಳೆ ಬಗ್ಗಿತು, ಬಿಲ್ಲೆ ಬಗ್ಗಲಿಲ್ಲ. ಆಮೇಲೆ ನನಗೆ ಕೈ ಹತ್ತಿತು. ಲಿವರನ್ನು ಬೇಯಿಸಿದ ನೀರನ್ನು ಚೆಲ್ಲಬಾರದು, ಅದರಲ್ಲೇ ಹಿಟ್ಟು ಕಲಸಬೇಕು. ಲಿವರನ್ನು ಬಿಸಿಯಿದ್ದಾಗಲೇ ಮಸೆಯಬೇಕು, ಆರಿದ ಮೇಲೆ ಅದು ಮರಳಾಗುತ್ತದೆ. ಕಿರುಬೆರಳಿನ ಉಗುರಿನಷ್ಟು ದಪ್ಪಕ್ಕೆ ಲಟ್ಟಿಸಿ, ಚಾಕುವಿನಿಂದ ಓರೆಯಾಗಿ ಕೊಯ್ದು, ಹಂಚಿನ ಕೆಳಗೆ ಕೆಂಡ ಕಡಿಮೆ, ಮುಚ್ಚಳದ ಮೇಲೆ ಕೆಂಡ ಹೆಚ್ಚು ಹಾಕಿ, ಒಂದು ಬಟ್ಟಲು ಚಹಾ ನಿಧಾನಕ್ಕೆ ಕುಡಿಯುವಷ್ಟು ಹೊತ್ತು ಕಾಯಬೇಕು. ಮುಚ್ಚಳ ತೆಗೆದಾಗ ಬರುವ ಪರಿಮಳಕ್ಕೆ ಅಂಗಳದ ಕೋಳಿಯೂ ತಲೆಯೆತ್ತುತ್ತದೆ. ಮುರಿದರೆ ಟಪ್ಪೆನ್ನಬೇಕು. ಟಪ್ಪೆನ್ನದಿದ್ದರೆ ಇನ್ನೊಂದು ಬಟ್ಟಲು ಚಹಾ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ, ಘಾಟಿಯ ಆಚೆ ಯಾರೋ ಇದನ್ನು ತಮ್ಮ ಸ್ವಂತ ವಿದ್ಯೆ ಎಂದು ಹೇಳಿಕೊಳ್ಳುತ್ತಿದ್ದಾರೆಂಬ ಸುದ್ದಿ ನನಗೆ ತಲುಪಿದೆ.

ಕುಯುನ್ ಮೊದಲ ಬಿಲ್ಲೆಯನ್ನು ಬಾಯಲ್ಲಿ ಹಿಡಿದು, ಅಂಗಳದ ಮೂಲೆಗೆ ಹೋಗಿ, ಎರಡು ಮುಂಗಾಲುಗಳ ನಡುವೆ ಇಟ್ಟುಕೊಂಡು, ತುಂಬಾ ಹೊತ್ತು ಸುಮ್ಮನೆ ನೋಡಿದ. ಆಮೇಲೆ ತಿಂದ. ಆಮೇಲೆ ಬಂದು ನನ್ನ ಮೊಣಕಾಲ ಮೇಲೆ ಗದ್ದವಿಟ್ಟ. ಅಂಥ ಮರ್ಯಾದೆಯನ್ನು ನನಗೆ ಮನೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಇನ್ನು ಊರಿನವರು. ಪಕ್ಕದ ಮನೆಯ ಬುರುಲ್ ಅಕ್ಕ ನನಗಿಂತ ಹಿರಿಯಳು, ಆದ್ದರಿಂದ ಅವಳ ಬಾಯಿಗೆ ನಾನು ಬಾಗಿಲು ಹಾಕುವ ಹಾಗಿಲ್ಲ. ಬೇಲಿಯ ಮೇಲಿಂದ ನೋಡಿ, "ಏನೋ ಕಾದಿರ್‌ಕುಲ್, ಇವತ್ತು ರೊಟ್ಟಿ, ನಾಳೆ ತೊಟ್ಟಿಲು ತೂಗ್ತೀಯೋ?" ಎಂದಳು. ಮಾರನೆಯ ದಿನ ಅದೇ ಬೇಲಿಯ ಮೇಲಿಂದ, "ನಮ್ಮನೆ ನಾಯಿಗೂ ನಾಲ್ಕು ಕೊಡೋ, ಅದರ ಹಲ್ಲು ಹೋಗಿದೆ ಪಾಪ" ಎಂದಳು. ಅದರ ಮಾರನೆಯ ದಿನ, "ಲಿವರ್ ಬೇಯ್ಸಿದ ನೀರು ಚೆಲ್ಬೇಕಾ, ಇಟ್ಕೋಬೇಕಾ?" ಎಂದಳು. ಹೀಗೆ ವಿದ್ಯೆ ಹರಡುತ್ತದೆ. ಕುರಿಗಳು ಬೆಟ್ಟಕ್ಕೆ ಹೋಗುವ ಹೊತ್ತಿಗೆ ಊರಿನ ಪ್ರತಿ ಹಿತ್ತಲಲ್ಲೂ ತೂತಿಲ್ಲದ ಹಳೆಯ ಹಂಚೊಂದು ಕೆಂಡದಲ್ಲಿ ಕೂತಿತ್ತು.

ಮುಂದೆ ನಡೆದದ್ದಕ್ಕೆ ಕೆಲವರು ನನ್ನನ್ನು ಹೊಣೆ ಮಾಡುತ್ತಾರೆ. ನಾನು ಅವರನ್ನು ಕ್ಷಮಿಸಿದ್ದೇನೆ. ಬಾಗಿಲಿಗೆ ಬಂದವನು ರೊಟ್ಟಿಯ ಒಂದು ಚೂರಾದರೂ ಬಾಯಿಗೆ ಮುಟ್ಟಿಸದೆ ಹೋಗಬಾರದು ಎಂಬ ನಮ್ಮ ಪದ್ಧತಿ ತಮಗೆ ಗೊತ್ತು. ಅಂಚೆಯವನು ಕುದುರೆಯಿಂದ ಇಳಿಯದಿದ್ದರೂ ಬಾಗಿ ಒಂದು ಚೂರು ಬಾಯಿಗೆ ಹಾಕಿಕೊಂಡೇ ಮುಂದೆ ಹೋಗುತ್ತಾನೆ. ಮಂದೆ ಬೆಟ್ಟದಿಂದ ಇಳಿದ ದಿನದ ಊಟದಲ್ಲಿ, ಬಿಳಿಗಡ್ಡದ ಹಿರಿಯರೆಲ್ಲ ಕೂತಿದ್ದಾಗ, ನಾನು ಹೇಳಿದ್ದು ಇಷ್ಟೇ: ಬೇಟೆನಾಯಿ ಏಳು ಸಂಪತ್ತುಗಳಲ್ಲಿ ಒಂದು ಅಂತ ಹಿರಿಯರೇ ಹೇಳಿದ್ದಾರೆ, ಸಂಪತ್ತು ತಾನಾಗಿ ಬಾಗಿಲಿಗೆ ಬಂದಾಗ ಬಾಯಿಗೆ ಏನೂ ಮುಟ್ಟಿಸದೆ ಕಳಿಸಿದರೆ ಆ ಮನೆಯ ಬರಕತ್ತು ಅದರ ಬಾಲ ಹಿಡಿದುಕೊಂಡೇ ಹೋಗುತ್ತದೆ. ತಮಾಷೆಗೆ ಹೇಳಿದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗ ಯಾರೂ ನಗಲಿಲ್ಲ. ಹಿರಿಯರಲ್ಲಿ ಹಿರಿಯರೊಬ್ಬರು ಗಡ್ಡ ಸವರಿಕೊಂಡು, "ಇದರಲ್ಲಿ ಏನೋ ಇದೆ" ಎಂದರು. ಸಾಕಾಯಿತು.

ಮಾರನೆಯ ಬೆಳಗಿನಿಂದ ಕುಯುನ್ ಎಂದಿನಂತೆ ಊರ ಮೇಲ್ತುದಿಯಿಂದ ಹೊಳೆಯವರೆಗೆ ಗಸ್ತು ಹೊರಟರೆ ಪ್ರತಿ ಬಾಗಿಲಲ್ಲೂ ಒಬ್ಬರು ನಿಂತಿರುತ್ತಿದ್ದರು. "ಬಾ ಕುಯುನ್, ಬಾಯಿ ಮುಟ್ಟಿಸಿ ಹೋಗು." "ಅವರ ಮನೇಲಿ ತಿಂದೆ, ನಮ್ಮನೇಲಿ ಮಾತ್ರ ಬೇಡ್ವಾ?" "ಅಯ್ಯೋ, ಒಂದೇ ತಗೊಂಡ್ಯಲ್ಲ, ನಮ್ಮ ಕೈ ಅಷ್ಟು ಕೆಟ್ಟದಾ?" ಮೊಮ್ಮಕ್ಕಳ ಪರೀಕ್ಷೆ ಇದ್ದ ಮನೆಯವರು ಜಾಸ್ತಿ ಕೊಟ್ಟರು. ಹಸು ಗಬ್ಬದಲ್ಲಿದ್ದ ಮನೆಯವರು ಬೆಣ್ಣೆ ಸವರಿ ಕೊಟ್ಟರು. ಮಾತಾಡದ ನೆಂಟರೂ ಅವನ ಮುಖಾಂತರ ಒಂದಾದರು. ಕುಯುನ್ ಒಳ್ಳೆಯ ಮನೆತನದವನು, ಯಾರ ಬಾಗಿಲಿಗೂ ಅವಮಾನ ಮಾಡಲಿಲ್ಲ. ಸಂಜೆ ಮನೆಗೆ ಬಂದರೆ ನನ್ನದು ಬೇರೆ ಕಾಯುತ್ತಿತ್ತು. ಊರಿಗೆಲ್ಲ ವಿದ್ಯೆ ಕಲಿಸಿದವನ ಕೈಯದನ್ನು ಬಿಡಲಾದೀತೇ? ಹೀಗೆ ಅವನ ಮೈಮೇಲೆ ಸೇರಿಕೊಂಡದ್ದನ್ನು ತಾವು ಬೊಜ್ಜು ಎಂದಿರಿ. ಅದು ಬೊಜ್ಜಲ್ಲ ಮಾನ್ಯರೇ, ಒಂದು ಇಡೀ ಊರಿನ ಸಂಸ್ಕಾರ.

ಅದೇ ಊಟದಲ್ಲಿ ನಾನು ಇನ್ನೊಂದು ಮಾತನ್ನೂ ಆಡಿದ್ದೆ. ನಮ್ಮ ಅಮಲಿನ ಕುದುರೆಹಾಲು ಈ ವರ್ಷ ಚೆನ್ನಾಗಿ ಹುಳಿ ಬಂದಿತ್ತು. ಎದ್ದು ನಿಂತು, "ನನ್ನ ಕುಯುನ್ ಈ ಸಲ ಆಯ್ಕೆ ಆಗದೇ ಇದ್ರೆ, ಆಯ್ಕೆ ಮಾಡೋನೇ ಅವನ ಹಗ್ಗ ಹಿಡ್ಕೊಂಡು ಹೋಗ್ಲಿ" ಎಂದೆ. ಬಿಳಿಗಡ್ಡದವರ ಎದುರು ಆಡಿದ ಮಾತನ್ನು ನಮ್ಮಲ್ಲಿ ಯಾರೂ ಕಾಗದದ ಮೇಲೆ ಬರೆಯುವುದಿಲ್ಲ, ಅದಕ್ಕೇ ಅದನ್ನು ಅಳಿಸಲೂ ಬರುವುದಿಲ್ಲ.

ಪರೀಕ್ಷೆಯ ದಿನ ಹೊಳೆದಂಡೆಯ ಮೈದಾನದಲ್ಲಿ ತಾವು ನಡೆದುಕೊಂಡ ರೀತಿಯ ಬಗ್ಗೆ ನನಗೆ ಹೊಗಳಿಕೆಯಲ್ಲದೆ ಬೇರೆ ಮಾತಿಲ್ಲ. ಎರಡು ಕಣಿವೆಯ ಜನ ಸೇರಿದ್ದರು. ಬೇರೆ ನಾಯಿಗಳೆಲ್ಲ ಬಾಗಿಸಿದ ಬಿಲ್ಲಿನಂತೆ ನಿಂತಿದ್ದವು. ಅವುಗಳ ಮನೆಯವರು ಎಂಥ ಜಿಪುಣರೆಂಬುದನ್ನು ಪಕ್ಕೆಲುಬುಗಳ ಲೆಕ್ಕದಲ್ಲಿ ದೂರದಿಂದಲೇ ಎಣಿಸಬಹುದಾಗಿತ್ತು. ನಾನು ಕುಯುನ್‌ನನ್ನು ತಂದು ನಿಲ್ಲಿಸಿದೆ. ನಿಲ್ಲಿಸಿದೆ ಎಂದರೆ, ಅವನು ಕೂತ. ತಾವು ಅವನ ಸುತ್ತ ಒಂದು ಸುತ್ತು ಬಂದು, ಆ ಕಡೆ ಈ ಕಡೆ ನೋಡಿ, ಬಹಳ ವಿನಯದಿಂದ ಕೇಳಿದಿರಿ: "ಬೈಕೆ, ನಾಯಿ ಎಲ್ಲಿ? ಇದನ್ನ ಯಾಕೆ ತಂದ್ರಿ?"

ಜನ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ, ಯಾಕೆಂದರೆ ಅದು ಬೇರೆಯವರ ನಾಯಿಯ ವಿಷಯ ಎಂದುಕೊಂಡಿದ್ದೆ.

ಆಮೇಲೆ ತಾವು ಆ ಎರಡು ಬೆರಳುಗಳನ್ನು ಅವನ ಪಕ್ಕೆಯ ಮೇಲೆ ಓಡಿಸಿದಿರಿ. ಕಡೆಯ ಮೂರು ಪಕ್ಕೆಲುಬು ಸಿಗಬೇಕಿತ್ತಂತೆ. ಬೆರಳುಗಳು ಕಾಣೆಯಾದವು, ಪಕ್ಕೆಲುಬು ಸಿಗಲಿಲ್ಲ. ಸೊಂಟದ ಎರಡು ಮೂಳೆಗಳ ನಡುವೆ ಅಂಗೈ ಇಟ್ಟಿರಿ. ಅಲ್ಲಿ ಕಣಿವೆ ಇರಬೇಕಿತ್ತಂತೆ, ದಿಣ್ಣೆ ಇತ್ತು. "ಇವನನ್ನ ಮೊಲದ ಹಿಂದೆ ಬಿಟ್ರೆ," ಎಂದಿರಿ, "ಮೊಲವೇ ಕರುಣೆಯಿಂದ ವಾಪಸ್ ಬಂದು ವಿಚಾರಿಸ್ಕೊಳ್ಳುತ್ತೆ." ಇಷ್ಟು ಚೆನ್ನಾದ ಮಾತನ್ನು ನನ್ನ ನಾಯಿಯ ಮೇಲೆ ಖರ್ಚು ಮಾಡಿದ್ದಕ್ಕೆ ನಾನು ಚಿರಋಣಿ. ಅದನ್ನು ಈಗ ನಮ್ಮೂರಲ್ಲಿ ಮಕ್ಕಳು ಕೂಡ ಹೇಳುತ್ತಾರೆ.

ಆಗ ಗುಂಪಿನಲ್ಲಿ ಯಾರೋ, ಯಾರೆಂದು ನನಗೆ ಗೊತ್ತಿದೆ, ಅವರ ಬೇಲಿ ನಮ್ಮ ಬೇಲಿಗೆ ತಾಗಿದೆ, "ಹಗ್ಗ, ಹಗ್ಗ" ಎಂದರು. ಹಿರಿಯರು ನನ್ನ ಮುಖ ನೋಡಿದರು. ತಾವು ನ್ಯಾಯವಂತರು. ನಾಯಿಯನ್ನು ಕಿತ್ತುಕೊಳ್ಳುವ ಆಸೆ ತಮಗೆ ಇರಲಿಲ್ಲವೆಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. "ಇವನನ್ನ ನಮ್ಮನೇಲಿ ಸಣ್ಣ ಮಾಡ್ತೀನಿ," ಎಂದಿರಿ. "ಬೇಟೆಕೂಟದ ಹೊತ್ತಿಗೆ ಓಡೋ ಹಾಗಾದ್ರೆ ನಮ್ಮ ಕಣಿವೆ ಹೆಸರಲ್ಲಿ ಓಡ್ಲಿ, ನಮ್ಮಲ್ಲೇ ಇರ್ಲಿ. ಆಗದೇ ಹೋದ್ರೆ ನಿಮ್ಮ ದಿಂಬು ನಿಮಗೇ ವಾಪಸ್." ಹಿರಿಯರು ಗಡ್ಡ ಸವರಿಕೊಂಡರು. ನಾನೇ ಹಗ್ಗವನ್ನು ತಮ್ಮ ಕೈಗೆ ಕೊಟ್ಟೆ. ನಗುತ್ತಲೇ ಕೊಟ್ಟೆ. ಕುಯುನ್ ತಮ್ಮ ಕಾರಿನ ಹಿಂದಿನ ಸೀಟಿಗೆ ಹತ್ತಿ, ಎಲ್ಲೋ ಮದುವೆಗೆ ಹೊರಟವನ ಹಾಗೆ ಕಿಟಕಿಯಲ್ಲಿ ಕೂತ. ಕಾರು ಸೇತುವೆ ದಾಟಿದ ಮೇಲೆ ಮಾತ್ರ ಅವನಿಗೆ ನಾನು ಬರುತ್ತಿಲ್ಲವೆಂದು ಗೊತ್ತಾಯಿತೆಂದು ಕಾಣುತ್ತದೆ, ಹಿಂದಿನ ಗಾಜಿಗೆ ಮೂತಿ ಇಟ್ಟ.

ಅದರ ಮೇಲೆ ನಾನು ಬಿಲ್ಲೆ ಸುಡುವುದನ್ನು ನಿಲ್ಲಿಸಿರಬೇಕೆಂದು ತಾವು ಎಣಿಸಬಹುದು. ನಿಲ್ಲಿಸಲಿಲ್ಲ. ಬೆಳಗಾದರೆ ಕೈ ತಾನಾಗಿ ಹಿಟ್ಟಿನ ಚೀಲಕ್ಕೆ ಹೋಗುತ್ತದೆ. ಸುಟ್ಟದ್ದನ್ನು ಬುರುಲ್ ಅಕ್ಕನ ಹಲ್ಲಿಲ್ಲದ ನಾಯಿಗೆ ನೆನೆಸಿ ಕೊಡುತ್ತೇನೆ. ಅದು ತಿಂದು, ಮುಖ ತೊಳೆಯದೆ ಹೋಗುತ್ತದೆ. ಗದ್ದ ಇಡುವ ಸಂಸ್ಕಾರ ಎಲ್ಲರಿಗೂ ಬರುವುದಿಲ್ಲ. ಊರಿನ ಬಾಗಿಲುಗಳಲ್ಲೂ ಈಗ ಬೆಳಗ್ಗೆ ಯಾರೂ ನಿಲ್ಲುವುದಿಲ್ಲ.

ಕಳೆದ ವಾರ ತಮ್ಮ ಫೋನು ಬಂತು. ಆ ಮಾತುಕತೆಯನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಮುಂದೆ ತಾವು ಇಲ್ಲವೆನ್ನಬಾರದು.

"ಬೈಕೆ, ಸಿಹಿ ಸುದ್ದಿ. ನಿಮ್ಮ ಕುಯುನ್ ಪಾಸಾದ. ಪಕ್ಕೆಲುಬು ರಸ್ತೆಯಿಂದ್ಲೇ ಎಣಿಸ್ಬೋದು."

"ತಿನ್ನೋಕೆ ಏನ್ ಹಾಕ್ತಿದ್ದೀರಿ?"

"ಹಾಕೋದು ಹಾಕ್ತೀವಿ. ಗಂಜಿ, ಒಳ್ಳೊಳ್ಳೇ ಮೂಳೆ. ಅವನು ನೀರು ಕುಡೀತಾನೆ, ಬೇರೆ ಏನೂ ಮುಟ್ಟಲ್ಲ. ಅದಕ್ಕೇ ನಮ್ಮ ಕೆಲಸ ಸಲೀಸಾಯ್ತು ನೋಡಿ."

"ಎಲ್ಲಿ ಮಲಗ್ತಾನೆ?"

"ಹುಲ್ಲು ಹಾಸಿ ಗೂಡು ಮಾಡ್ಸಿದೀನಿ. ಅವನಿಗೆ ಗೇಟೇ ಬೇಕು. ಘಾಟಿ ಕಡೆ ಮುಖ ಮಾಡ್ಕೊಂಡು ಬಿದ್ದಿರ್ತಾನೆ, ಯಾವ ಗಾಡಿ ಬಂದ್ರೂ ಏಳ್ತಾನೆ. ಕಾವಲಿಗೂ ಆಗ್ತಾನೆ ಬೈಕೆ, ಪುಣ್ಯ ಕಟ್ಕೊಂಡ್ರಿ."

ನಾನು ಸಂತೋಷವಾಯಿತು ಎಂದು ಹೇಳಿ ಫೋನಿಟ್ಟೆ. ಅನಾರ್‌ಕಾನ್ ಪಕ್ಕದಲ್ಲೇ ಕೂತು ಉಣ್ಣೆ ಬಿಡಿಸುತ್ತಿದ್ದಳು. ತಮ್ಮ ಧ್ವನಿಯೂ ಚಿನಾರಾಳ ಧ್ವನಿಯಷ್ಟೇ ದೊಡ್ಡದು, ಅವಳಿಗೆ ಪ್ರತಿ ಅಕ್ಷರ ಕೇಳಿಸಿತ್ತು. ಎದ್ದು ಒಳಗೆ ಹೋಗಿ, ಬಂದು, ನನ್ನ ಮುಂದೆ ತನ್ನ ಮುಚ್ಚಳದ ಹಂಚನ್ನು ಇಟ್ಟಳು. ಅವಳ ತಾಯಿ ಮದುವೆಯಲ್ಲಿ ಕೊಟ್ಟದ್ದು ಅದು.

"ನಿಮ್ಮ ತಗಡಲ್ಲಿ ಒಂದು ಕಡೆ ಸೀಯುತ್ತೆ, ಒಂದು ಕಡೆ ಹಸಿ ಇರುತ್ತೆ," ಎಂದಳು. "ಇದರಲ್ಲಿ ಸುಡಿ. ತಗೊಂಡ್ಹೋಗಿ ಅವನನ್ನ ಕರ್ಕೊಂಡು ಬನ್ನಿ."

"ಹಿರಿಯರ ಮುಂದೆ ಮಾತು ಕೊಟ್ಟಿದ್ದೀನಲ್ಲೇ."

"ಇಷ್ಟು ವರ್ಷ ಅವರ ಮುಂದೆ ನೀವು ಆಡಿದ್ದರಲ್ಲಿ ಯಾವ ಮಾತು ನಡೆಸಿದ್ರಿ ಅಂತ ಇದೊಂದಕ್ಕೆ ಹಠ?"

ಅವಳಿಗೆ ತಿಳಿಯದು. ನನ್ನ ಮಾತುಗಳು ದೊಡ್ಡವು, ಅವುಗಳಲ್ಲಿ ಕೆಲವು ಸ್ವಲ್ಪ ಉಬ್ಬಿರಬಹುದು, ಆದರೆ ಹಗ್ಗದ ಮಾತು ಹಗ್ಗದ ಮಾತೇ. ಅದನ್ನು ನಾನಾಗಿ ಬಿಚ್ಚಲಾರೆ. ಬಿಚ್ಚಬಲ್ಲ ಬೆರಳುಗಳು ಲೋಕದಲ್ಲಿ ಎರಡೇ, ಅವು ತಮ್ಮವು. ಕುಯುನ್ ಬೇಟೆಕೂಟದಲ್ಲಿ ಒಂದು ಸಲ ಓಡಿದರೆ ಅವನು ಕಾಯಂ ತಮ್ಮವನು. ಓಡಿದರೆ ಗೆಲ್ಲುತ್ತಾನೆ, ಅದರಲ್ಲಿ ನನಗೆ ಲವಲೇಶವೂ ಅನುಮಾನವಿಲ್ಲ, ಅದೇ ನನ್ನ ಭಯ. ಗೆದ್ದ ನಾಯಿಯನ್ನು ಯಾರು ವಾಪಸ್ಸು ಕೊಡುತ್ತಾರೆ? ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳಿವೆ. ಬೇಟೆಕೂಟದ ಹಿಂದಿನ ದಿನ ತಾವು ಎಲ್ಲ ನಾಯಿಗಳನ್ನೂ ಇನ್ನೊಮ್ಮೆ ಮುಟ್ಟಿ ನೋಡುವ ಪದ್ಧತಿ ಇದೆಯಲ್ಲ, ಆ ದಿನ ದಯವಿಟ್ಟು ಕುರಿಚರ್ಮದ ಕೈಗವಸು ಹಾಕಿಕೊಂಡು ನೋಡಿ. ಅದಾಗದಿದ್ದರೆ, ಆ ಪರೀಕ್ಷೆಯನ್ನು ನಮ್ಮೂರ ಕೆಳತುದಿಯಲ್ಲಿ ಇಟ್ಟುಕೊಳ್ಳಿ, ಕುಯುನ್‌ನನ್ನು ಮೇಲ್ತುದಿಯಲ್ಲಿ ಬಿಡಿ. ಪ್ರತಿ ಬಾಗಿಲನ್ನೂ ದಾಟಿ ತಮ್ಮ ಬಳಿ ಬರುವಷ್ಟರಲ್ಲಿ ಅವನು ತಮಗೆ ಬೇಕಾದ ಹಾಗೆ ಅಯೋಗ್ಯನಾಗಿರುತ್ತಾನೆ ಎಂದು ಊರಿನ ಪರವಾಗಿ ಭರವಸೆ ಕೊಡುತ್ತೇನೆ. ಅದೂ ಆಗದಿದ್ದರೆ ಬೇರೆ ಕಾರಣ ಹುಡುಕಿ. ಅವನ ಬಾಲದ ಉಂಗುರ ಅಗತ್ಯಕ್ಕಿಂತ ಚೆಂದವಾಗಿದೆಯೆಂದು ಬರೆಯಿರಿ. ಕಿವಿಯ ಕೂದಲು ಮೊಲಗಳ ಮನಸ್ಸು ಕೆಡಿಸುತ್ತದೆಂದು ಬರೆಯಿರಿ. ಒಡೆಯನಿಗೆ ಬಾಯಿ ಜಾಸ್ತಿ ಎಂದು ಬರೆದರೂ ನಾನು ಸಹಿ ಹಾಕುತ್ತೇನೆ. ಪಕ್ಕೆಲುಬು ಕಾಣುವ ನಾಯಿಗಳನ್ನೆಲ್ಲ ಈ ವರ್ಷ ತಿರಸ್ಕರಿಸುವುದೆಂದು ಹೊಸ ಕಾನೂನು ಮಾಡಿದರೂ ಸರಿ. ಆಗ ತಮಗೂ ಒಂದು ಅವಕಾಶವಾಗುತ್ತದೆ, ತಮ್ಮ ಪಕ್ಕೆಲುಬುಗಳನ್ನು ಇತ್ತೀಚೆಗೆ ಯಾರೂ ಕಂಡ ಹಾಗಿಲ್ಲ.

ಈ ಯಾವುದೂ ತಮ್ಮ ಘನತೆಗೆ ಒಪ್ಪದಿದ್ದರೆ ಕಡೆಯ ಮಾತು ಹೇಳುತ್ತೇನೆ. ಗುರುವಾರ ಹಾಲಿನ ವ್ಯಾನಿನಲ್ಲಿ ನಾನು ಬರುತ್ತಿದ್ದೇನೆ. ತಮ್ಮ ಗೇಟಿನ ಆಚೆ ನಿಲ್ಲುತ್ತೇನೆ, ಒಳಗೆ ಬರುವುದಿಲ್ಲ, ಕೂಗುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಬಿಲ್ಲೆಯ ಚೀಲದ ಬಾಯಿಯನ್ನೂ ಬಿಚ್ಚುವುದಿಲ್ಲ. ಹಿರಿಯರಲ್ಲಿ ಒಬ್ಬರನ್ನು ತಾವೇ ಸಾಕ್ಷಿಗೆ ಕರೆಸಿಕೊಳ್ಳಿ. ಅವನು ನನ್ನನ್ನು ಕಂಡು ಮುಖ ತಿರುಗಿಸಿದರೆ, ಅದೇ ವ್ಯಾನಿನಲ್ಲಿ ವಾಪಸ್ಸು ಹೋಗುತ್ತೇನೆ, ಮುಂದೆ ಯಾವ ಊಟದಲ್ಲೂ ನಾಯಿಯ ವಿಷಯ ಎತ್ತುವುದಿಲ್ಲ. ಇದು ನಾನು ಕೊಡಬಹುದಾದ ಅತಿ ದೊಡ್ಡ ಜಾಮೀನು ಎಂದು ನನ್ನನ್ನು ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅವನು ಎದ್ದರೆ, ಎದ್ದು ಆ ಎಲುಬಿನ ಮೈಯನ್ನು ಹೊತ್ತುಕೊಂಡು ಗೇಟಿನ ತನಕ ಬಂದರೆ, ತಾವು ಆ ಕ್ಷಣಕ್ಕೆ ಪರೀಕ್ಷಕರಾಗಿರಬೇಡಿ. ಅವನ ಹೆಸರು ಹೊಡೆದುಹಾಕಿ. ಈ ಸೀಮೆಯಲ್ಲಿ ಕಾದಿರ್‌ಕುಲ್‌ನ ನಾಯಿಯಷ್ಟು ನಾಲಾಯಕ್ಕು ನಾಯಿ ಇನ್ನೊಂದಿಲ್ಲವೆಂದು ಎಲ್ಲರೆದುರು ಜೋರಾಗಿ ಹೇಳಿ. ಅದನ್ನು ನಾನು ನನ್ನ ಊರಿನಲ್ಲಿ ಸಾಯುವವರೆಗೂ ಹೇಳಿಕೊಂಡು ತಿರುಗುತ್ತೇನೆ.

ತಮ್ಮ ಬೆರಳುಗಳ ಸದಾ ಹಿತೈಷಿ ಮತ್ತು

ತಮ್ಮ ವಿಶ್ವಾಸಿ,
ಕಾದಿರ್‌ಕುಲ್

ಮರೆತ ಮಾತು: ಅವತ್ತು ಕುಯುನ್‌ನನ್ನು ಕಾರಿಗೆ ಹತ್ತಿಸುವ ಮುಂಚೆ, ಬಾಯಿಗೆ ಏನೂ ಮುಟ್ಟಿಸದೆ ತಮ್ಮನ್ನು ಕಳಿಸಬಾರದೆಂದು ನಾನು ಮನೆಗೆ ಓಡಿಹೋಗಿ ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ತಾವು ಒಂದು ಕಚ್ಚಿ, ಇನ್ನೊಂದು ತೆಗೆದುಕೊಂಡು, "ಅತ್ತಿಗೆ ಕೈ ಚಿನ್ನದ ಕೈ ಬೈಕೆ, ಉಪ್ಪೊಂದು ಸ್ವಲ್ಪ ಮುಂದಿದ್ದಿದ್ರೆ" ಎಂದು ಹೊಗಳಿ, ಉಳಿದದ್ದನ್ನು ದಾರಿಗೆಂದು ಜೇಬಿಗೆ ಹಾಕಿಕೊಂಡಿರಿ. ತಮ್ಮ ಅತ್ತಿಗೆ ಬೆಳಗ್ಗೆಯಿಂದ ಮೈದಾನದಲ್ಲೇ ಇದ್ದಳು, ಅವತ್ತು ಮನೆಯಲ್ಲಿ ರೊಟ್ಟಿ ಸುಟ್ಟಿರಲಿಲ್ಲ. ಆ ಕೈ ನನ್ನದು, ಆ ತಿಂಡಿ ಕುಯುನ್ ಪಾಸಾದ ಮೇಲೆ ಅವನಿಗೆ ಕೊಡಲೆಂದು ಸುಟ್ಟದ್ದು. ತಮ್ಮ ಗೌರವ ದೊಡ್ಡದೆಂದು ಇದನ್ನು ಇಂದಿನವರೆಗೆ ಒಬ್ಬರಿಗೂ ಹೇಳಿಲ್ಲ. ಈಗಲೂ ಹೇಳುತ್ತಿಲ್ಲ, ಬರೆದಿದ್ದೇನೆ ಅಷ್ಟೆ. ಅವನು ತಮ್ಮ ಗಂಜಿಯನ್ನು ಏಕೆ ಮುಟ್ಟುತ್ತಿಲ್ಲವೆಂಬುದನ್ನು ಈ ಎರಡು ಕಣಿವೆಗಳಲ್ಲಿ ತಮ್ಮಷ್ಟು ಚೆನ್ನಾಗಿ ಬಲ್ಲ ಮನುಷ್ಯ ಇನ್ನೊಬ್ಬನಿಲ್ಲ.